ಈ ವರ್ಷ ಓದಿದ ಪುಸ್ತಕಗಳನ್ನ ನೀವು ಹೇಗೆ ಬರೆದಿಡ್ತೀರಿ? (ಅಮ್ಮನ ಹಳೇ ನೋಟ್‌ಬುಕ್ಕಿನ ನೆಪದಲ್ಲಿ)

ತುಂಗೆಯ ತಡಿ (ಶಿವಮೊಗ್ಗ), 26 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ.

ದೀಪಾವಳಿಗೆ ತೀರ್ಥಹಳ್ಳಿ ಮನೆಗೆ ಹೋಗಿದ್ದಾಗ ಅಟ್ಟ ಗುಡಿಸೋ ಕೆಲಸ ನನ್ನ ಪಾಲಿಗೆ ಬಂತು. ಟ್ರಂಕಿನ ತಳದಲ್ಲಿ ಇನ್ನೂರು ಪುಟದ ಹಳೇ ನೋಟ್‌ಬುಕ್ಕೊಂದಿತ್ತು. ಹಾಲಿನ ಲೆಕ್ಕವೋ, ಅಡಿಕೆ ಕೊಯ್ಲಿನ ಕೂಲಿ ಲೆಕ್ಕವೋ ಇರಬೇಕು ಅಂತ ತೆಗೆದೆ. ನೋಡಿದರೆ 1974ರಿಂದ 1991ರವರೆಗೆ ಅಮ್ಮ ಓದಿದ ಪುಸ್ತಕಗಳ ಪಟ್ಟಿ. ಸ್ಕೇಲ್ ಇಟ್ಟು ಗೆರೆ ಹೊಡೆದು ಐದು ಅಂಕಣ ಮಾಡಿದ್ದಾಳೆ. ತಂದ ದಿನ, ಪುಸ್ತಕ, ಬರೆದವರು, ಬಾಡಿಗೆ. ಐದನೆಯದಕ್ಕೆ ತಲೆಬರಹ ಇಲ್ಲ. ಆಗ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾಲ, ಪೈಸೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕಾದಂಬರಿ ತರೋದು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’, ‘ಶರಪಂಜರ’ ಎರಡೂ ಎರಡೆರಡು ಸಲ ಬಂದಿವೆ. ಎರಡನೇ ಸಲಕ್ಕೂ ಬಾಡಿಗೆ ಬರೆದಿದ್ದಾಳೆ.

ನನ್ನನ್ನ ಅಟ್ಟದಲ್ಲೇ ಕೂರಿಸಿದ್ದು ಆ ತಲೆಬರಹ ಇಲ್ಲದ ಅಂಕಣ. ‘ಚಿಕ್ಕಮ್ಮನಿಗೆ ಕೊಟ್ಟೆ.’ ‘ಕರೆಂಟಿಲ್ಲ, ಲಾಟೀನಲ್ಲಿ ಮುಗಿಸಿದೆ.’ ‘ಅತ್ತೆಯೂ ಓದಿದರು.’ ‘ಇನ್ನೊಮ್ಮೆ ತರಬೇಕು.’ 1979ರ ಆಗಸ್ಟಿನಲ್ಲಿ ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ದ ಎದುರು ‘ಕೊನೇ ಹಾಳೆಗಳಿಲ್ಲ’ ಅಂತಿದೆ. ಕೇಳಿದ್ದಕ್ಕೆ, ‘ಲೈಬ್ರರಿ ಪುಸ್ತಕ ಅಲ್ವಾ, ಕೈಯಿಂದ ಕೈಗೆ ಓಡಾಡಿ ಹೊಲಿಗೆ ಬಿಚ್ಚಿ ಹಿಂದಿನ ಒಂದು ಫಾರಂ, ಅಂದರೆ ಹದಿನಾರು ಪುಟ, ಉದುರಿ ಹೋಗಿತ್ತು. ಆಮೇಲೆ ಆ ಪುಸ್ತಕ ನನ್ನ ಕೈಗೆ ಸಿಗಲೇ ಇಲ್ಲ’ ಅಂದಳು. ಇಂದಿರಾ ಹುಟ್ಟಿದ್ದೇ ತೀರ್ಥಹಳ್ಳಿಯಲ್ಲಿ. ನಮ್ಮೂರಿನವರ ಪುಸ್ತಕದ ಕೊನೆ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಕತೆ ಇದಕ್ಕೆ ತದ್ವಿರುದ್ಧ. 2021ರಿಂದ ಮೂರು ವರ್ಷ ಒಂದು ಆ್ಯಪ್‌ನಲ್ಲಿ ಬರೀತಿದ್ದೆ. ಆ ಆ್ಯಪ್ ನಿಂತುಹೋಯಿತು, ಪಟ್ಟಿಯೂ ಹೋಯಿತು. ಓದಿದ್ದು ನೆನಪಿದೆ, ಯಾವಾಗ, ಯಾರು ಹೇಳಿ ಓದಿದೆ ಅನ್ನೋದು ನೆನಪಿಲ್ಲ. ಈ ವರ್ಷ 31 ಪುಸ್ತಕ ಓದಿದ್ದೇನೆ, ಕಾಗದದಲ್ಲಿ ಬರೆದಿದ್ದೇನೆ.

ಜನವರಿಯಿಂದ ಸರಿಯಾಗಿ ಶುರು ಮಾಡಬೇಕು ಅಂತಿದೆ. ನೀವು ಹೇಗೆ ಬರೆದಿಡ್ತೀರಿ? ಯಾವುದನ್ನ ಲೆಕ್ಕಕ್ಕೆ ಹಿಡೀತೀರಿ, ಯಾವುದನ್ನ ಬಿಡ್ತೀರಿ? ಬೇರೆಯವರಿಗೆ ತೋರಿಸ್ತೀರಾ?

ಹಾಳೆ ಲೆಕ್ಕ (ಬೆಂಗಳೂರು), 26 ಡಿಸೆಂಬರ್

ಅಕ್ಕ, ಆ ನೋಟ್‌ಬುಕ್ಕಿನ ಪುಟಗಳನ್ನ ಇವತ್ತೇ ಫೋಟೋ ತೆಗೆದು ಎರಡು ಕಡೆ ಇಟ್ಟುಬಿಡಿ. ಹಳೇ ಮಸಿ, ಅಟ್ಟದ ತೇವ, ನಂಬೋಕಾಗಲ್ಲ.

ಲೆಕ್ಕದ ವಿಷಯಕ್ಕೆ ನನ್ನ ಅನುಭವ ಹೇಳ್ತೀನಿ. 2024ರಲ್ಲಿ ವಾರಕ್ಕೊಂದರಂತೆ 52 ಪುಸ್ತಕ ಅಂತ ಗುರಿ ಇಟ್ಟುಕೊಂಡೆ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಆಗಸ್ಟ್ ಹೊತ್ತಿಗೆ ಆರು ಪುಸ್ತಕ ಹಿಂದೆ ಬಿದ್ದಿದ್ದೆ. ಆಮೇಲೆ ಅಂಗಡಿಗೆ ಹೋದರೂ ಲೈಬ್ರರಿಗೆ ಹೋದರೂ ಕೈ ತಾನಾಗೇ ತೆಳು ಪುಸ್ತಕದ ಕಡೆ ಹೋಗೋದು. ಅದೇ ವರ್ಷ ಏಪ್ರಿಲ್‌ನಲ್ಲಿ ‘ಮಲೆಗಳಲ್ಲಿ ಮದುಮಗಳು’ ಹಿಡಿದಿದ್ದೆ. ಏಳುನೂರು ಪುಟಕ್ಕೂ ಹೆಚ್ಚಿನ ಕಾದಂಬರಿ. ನೂರಿಪ್ಪತ್ತನೇ ಪುಟಕ್ಕೆ ಬಂದಾಗ, ಇದನ್ನ ಮುಗಿಸೋ ಹೊತ್ತಿಗೆ ನಾಲ್ಕು ಬೇರೆ ಪುಸ್ತಕ ಆಗುತ್ತೆ ಅಂತ ಬದಿಗಿಟ್ಟೆ. ಡಿಸೆಂಬರ್ 31ಕ್ಕೆ 52 ಆಯಿತು. ಅದರಲ್ಲಿ ಹತ್ತು ಪುಸ್ತಕದ ಕತೆ ಈಗ ಕೇಳಿದರೆ ಹೇಳೋಕೆ ಬರಲ್ಲ.

ಪುಸ್ತಕ ಬಿಟ್ಟು ಪುಟ ಎಣಿಸೋಣ ಅಂದರೆ ಅದೂ ಸರಿಹೋಗಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ಎಷ್ಟು ಸಣ್ಣ ಪುಸ್ತಕ, ಎಲ್ಲರಿಗೂ ಗೊತ್ತು. ಆ ಭಾಷೆ ಬಾಯಿಗೆ ಹತ್ತೋವರೆಗೆ ಒಂದೊಂದು ಪುಟವನ್ನೂ ಎರಡೆರಡು ಸಲ ಗಟ್ಟಿಯಾಗಿ ಓದಿದೆ. ಎರಡು ವಾರ ಹಿಡೀತು.

ಈ ವರ್ಷ ಗುರಿಯನ್ನೇ ಇಟ್ಟುಕೊಳ್ಳಲಿಲ್ಲ. ಜನವರಿ ಒಂದಕ್ಕೆ ಮತ್ತೆ ‘ಮದುಮಗಳು’ ಮೊದಲ ಪುಟದಿಂದ ಹಿಡಿದೆ, ಮಾರ್ಚ್ 9ಕ್ಕೆ ಮುಗಿಸಿದೆ. ವರ್ಷಕ್ಕೆ ಒಟ್ಟು 19 ಪುಸ್ತಕ, ಪ್ರತಿಯೊಂದೂ ನೆನಪಿದೆ.

ಕಡಲ ಮಗ್ಗುಲು (ಕುಂದಾಪುರ), 27 ಡಿಸೆಂಬರ್

ಹಾಳೆ ಲೆಕ್ಕದವರು ಹೇಳಿದ್ದು ಹೌದು, ಆದರೆ ಗುರಿಯನ್ನ ಅಷ್ಟು ಸುಲಭಕ್ಕೆ ಬಿಡಬೇಡಿ ಮಾರಾಯ್ರೆ. ಕಾಲೇಜು ಮುಗಿದ ಮೇಲೆ ಏಳು ವರ್ಷ ನಾನು ಒಂದೇ ಒಂದು ಪುಸ್ತಕ ಓದಲಿಲ್ಲ. ರಾತ್ರಿ ಮಲಗುವವರೆಗೆ ಫೋನ್. ಗೆಳೆಯನೊಬ್ಬ ‘ವರ್ಷಕ್ಕೆ ಹನ್ನೆರಡು ಓದು, ತಿಂಗಳಿಗೊಂದು, ಓದಿ ನನಗೆ ಮೆಸೇಜ್ ಹಾಕು’ ಅಂದ. ತಿಂಗಳ ಕೊನೆಗೆ ಅವನಿಗೆ ಉತ್ತರ ಕೊಡಬೇಕಲ್ಲ ಅಂತ ಓದಿದೆ. ತೆಳು ಪುಸ್ತಕವೇ ಓದಿದೆ, ಹೌದು. ‘ಕರ್ವಾಲೊ’ದಿಂದ ಶುರು ಮಾಡಿದ್ದು. ಈಗ ಕಾರಂತರ ದೊಡ್ಡ ಕಾದಂಬರಿಗಳಿಗೆ ಬಂದಿದ್ದೇನೆ. ಆ ಹನ್ನೆರಡು ಅನ್ನುವ ಅಂಕಿ ಇಲ್ಲದಿದ್ದರೆ ಇಲ್ಲಿಗೆ ಬರ್ತಿರಲಿಲ್ಲ.

ಓದು ತಪ್ಪಿಹೋದವರಿಗೆ ಗುರಿ ಬೇಕು. ರೂಢಿ ಇರುವವರಿಗೆ ಬೇಡ. ನನಗೆ ಕಂಡದ್ದು ಇಷ್ಟು.

ಮಾಳಮಡ್ಡಿ (ಧಾರವಾಡ), 27 ಡಿಸೆಂಬರ್

ತುಂಗೆಯ ತಡಿ ಅವರ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳ್ರಿ. ಅಂಥಾ ನೋಟ್‌ಬುಕ್ ನಮ್ಮ ಮನ್ಯಾಗ ಯಾರೂ ಇಟ್ಟಿಲ್ಲ ಅಂತ ಓದೂ ಮುಂದ ಕೆಟ್ಟ ಅನಿಸ್ತು.

ನಾ ಪಟ್ಟಿ ಅಂತ ಬ್ಯಾರೆ ಬರದಿಟ್ಟಿಲ್ರಿ. ಪುಸ್ತಕದ ಕಡೀ ಖಾಲಿ ಹಾಳಿ ಇರತದಲ್ಲ, ಅದರಾಗ ಪೆನ್ಸಿಲ್‌ಲೇ ಬರೀತೀನಿ. ಎಲ್ಲಿ ತಗೊಂಡೆ, ಯಾವತ್ತು ಮುಗಿಸಿದೆ, ಆಮ್ಯಾಲ ಓದಾಕ ಒಯ್ದವರ ಹೆಸರು. ನಲವತ್ತೆರಡು ವರ್ಷ ಅಂಚೆ ಇಲಾಖ್ಯಾಗ ಕೆಲಸ ಮಾಡೀನಿ, ತಾರೀಖು ಇಲ್ಲದ ಕಾಗದ ಅಂದ್ರ ನನಗ ಕಾಗದ ಅನಸೂದಿಲ್ಲ. ನಮ್ಮಲ್ಲೆ ಒಂದು ‘ಮೂಕಜ್ಜಿಯ ಕನಸುಗಳು’ ಅದ. ಅದರ ಕಡೀ ಹಾಳ್ಯಾಗ ಹದಿನೇಳು ಹೆಸರು ಅವ. ಅದರಾಗ ಐದು ಮಂದಿ ಈಗ ಇಲ್ಲ. ನಮ್ಮ ಅಣ್ಣಾರ ಅಕ್ಷರ ಇರೂದು ಈಗ ಮನ್ಯಾಗ ಅದೊಂದು ಪುಸ್ತಕದಾಗನ.

ಈ ಕಡೆ ಪುಸ್ತಕ ಮನೀಗೆ ನಡಕೊಂಡು ಬರತಿದ್ವು ಅನ್ನೂದು ನಮ್ಮ ಹಿರ್ಯಾರು ಹೇಳೂ ಮಾತು. ಗಳಗನಾಥರು ತಾವು ಬರದ ಪುಸ್ತಕ ತಾವ ಹೊತ್ತು ಊರೂರು ತಿರಗಿ ಮಾರಿದ್ರು. 1933ರಾಗ ಮನೋಹರ ಗ್ರಂಥಮಾಲಾ ಸುರು ಆದ ಮ್ಯಾಲ ಚಂದಾದಾರರಿಗೆ ಪುಸ್ತಕ ಮನೀ ಬಾಗಲಕ್ಕ ಬರೂ ರೂಢಿ ಆತು. ನಮ್ಮ ಅಜ್ಜಾರು ಚಂದಾದಾರರಿದ್ರು. ಆ ಸಾಲು ನೋಡಿದ್ರ ಅವರು ಯಾವ ವರ್ಷ ಏನು ಓದ್ಯಾರ ಅಂತ ತಿಳೀತದ. ಕಪಾಟ ಅವರ ಪಟ್ಟಿ.

ಒಂದು ತೊಡಕಿನ ಪ್ರಶ್ನೆ ಕೇಳ್ತೀನಿ. ಡಿ.ವಿ.ಜಿ. ಅವರ ಕಗ್ಗ ದಿನಾ ಮುಂಜಾನೆ ಒಂದ ಪದ್ಯ ಓದತೀನಿ. 945 ಪದ್ಯ. ಎರಡೂವರಿ ವರ್ಷದ ಮ್ಯಾಲ ಆಗತದ. ಅದನ್ನ ಯಾವ ವರ್ಷದ ಲೆಕ್ಕಕ್ಕ ಹಿಡೀಬೇಕು?

ತುಂಗೆಯ ತಡಿ, 27 ಡಿಸೆಂಬರ್

ಅಜ್ಜಾವರೇ, ಹದಿನೇಳು ಹೆಸರು ಅಂತ ಓದಿ ಅಮ್ಮನಿಗೂ ಓದಿ ಹೇಳಿದೆ. ಅವಳು, ‘ಪುಸ್ತಕದ ಕೊನೇಲಿ ಬರೆದರೆ ಪುಸ್ತಕ ಹೋದಾಗ ಲೆಕ್ಕವೂ ಹೋಗುತ್ತಲ್ಲ’ ಅಂತ ಕೇಳಿದಳು. ಬಾಡಿಗೆ ಪುಸ್ತಕದಲ್ಲಿ ಬರೆಯೋ ಹಾಗೂ ಇರಲಿಲ್ಲ ಅಂತಲೂ ಹೇಳಿದಳು.

ಕಗ್ಗಕ್ಕೆ ನನಗೆ ತೋಚೋದು, ಶುರು ಮಾಡಿದ ದಿನ ಒಂದು ಸಾಲು, ಮುಗಿದ ದಿನ ಇನ್ನೊಂದು ಸಾಲು. ನಡುವಿನ ವರ್ಷಕ್ಕೆ ‘ನಡೀತಿದೆ’ ಅಂತ ಬರೆದರೆ ಸಾಕಲ್ಲವೇ?

ನೇರ ಮಾತು (ತುಮಕೂರು), 27 ಡಿಸೆಂಬರ್

ಒಂದು ಮಾತು ಸ್ಪಷ್ಟ ಆಗಬೇಕು. ಇತ್ತೀಚೆಗೆ ಜನ ಬಸ್ಸಲ್ಲಿ ಕೂತು ಆಡಿಯೋ ಹಾಕ್ಕೊಂಡು ಅದನ್ನೂ ‘ಓದಿದ ಪುಸ್ತಕ’ ಅಂತ ಬರೀತಾರೆ. ಕೇಳಿದ್ದು ಕೇಳಿದ್ದೇ, ಓದಿದ್ದಲ್ಲ. ಅಕ್ಷರದ ಮೇಲೆ ಕಣ್ಣು ಓಡಬೇಕು, ಬೇಕಾದ ಕಡೆ ನಿಲ್ಲಬೇಕು, ಹಿಂದಕ್ಕೆ ಹೋಗಬೇಕು. ಪಟ್ಟಿ ಅಂದ ಮೇಲೆ ಒಂದು ಶಿಸ್ತು ಇರಲಿ.

ಕಿವಿಯ ದಾರಿ (ಮೈಸೂರು), 28 ಡಿಸೆಂಬರ್

ನೇರ ಮಾತು ಅವರಿಗೆ, ಬೇಸರವಿಲ್ಲದೆ ಹೇಳ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಈ ವರ್ಷ 44 ಪುಸ್ತಕ ಮುಗಿಸಿದ್ದೇನೆ. ಮೂರು ಬ್ರೈಲ್‌ನಲ್ಲಿ, ಉಳಿದಿದ್ದೆಲ್ಲ ಕಿವಿಯಲ್ಲಿ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನೋ, ಪರದೆ ಮೇಲಿನ ಅಕ್ಷರವನ್ನ ಓದಿ ಹೇಳೋ ಉಚಿತ ತಂತ್ರಾಂಶ ಇದೆ, ಅದಕ್ಕೆ ಇ-ಸ್ಪೀಕ್‌ನ ಕನ್ನಡ ದನಿ ಜೋಡಿಸಿದ್ದೇನೆ. ದನಿ ಯಂತ್ರದ್ದೇ, ಭಾವ ಇಲ್ಲ. ಆದರೆ ನೀವು ಹೇಳಿದ ಎಲ್ಲವನ್ನೂ ನಾನು ಮಾಡ್ತೇನೆ. ಬೇಕಾದ ಕಡೆ ನಿಲ್ಲಿಸ್ತೇನೆ, ಒಂದು ಸಾಲು ಹಿಂದಕ್ಕೆ ಹೋಗ್ತೇನೆ, ಅರ್ಥವಾಗದ ಪದವನ್ನ ಅಕ್ಷರ ಅಕ್ಷರವಾಗಿ ಹೇಳಿಸಿಕೊಳ್ತೇನೆ. ಇದನ್ನ ಓದು ಅನ್ನದೆ ಬೇರೆ ಹೆಸರಿನಿಂದ ಕರೆಯೋಕೆ ನನಗೆ ಮನಸ್ಸಿಲ್ಲ.

ನನ್ನ ಪಟ್ಟಿಯಲ್ಲಿ ನಿಮ್ಮ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಅಂಕಣ ಇದೆ: ‘ಹೇಗೆ ಸಿಕ್ಕಿತು’. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಇ-ಪುಸ್ತಕ ಆದರೆ ತಕ್ಷಣ ಓದಬಹುದು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಆದರೆ ನನ್ನ ಕಂಪ್ಯೂಟರ್ ಅದನ್ನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಓದುತ್ತೆ. ಪರದೆ ಮೇಲೆ ನಿಮಗೆ ಚೆಂದದ ಕನ್ನಡ ಕಾಣ್ತಿರುತ್ತೆ, ನನಗೆ ಬರೀ ಗದ್ದಲ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕ ಆದರೆ ಮೊದಲು ಒಸಿಆರ್ (ಚಿತ್ರದಲ್ಲಿರೋ ಅಕ್ಷರವನ್ನ ಕಂಪ್ಯೂಟರ್ ಓದೋ ಪಠ್ಯ ಮಾಡೋದು) ಮಾಡಿಸಬೇಕು, ಅದರಲ್ಲಿ ಒತ್ತಕ್ಷರಗಳು ತಪ್ಪುತ್ತವೆ, ತಪ್ಪಿದ್ದನ್ನ ಊಹಿಸಿಕೊಂಡು ಓದಬೇಕು. ಒಂದು ಪುಸ್ತಕ ನನ್ನ ಪಟ್ಟಿಗೆ ಬರಬೇಕಾದರೆ ಇಷ್ಟು ದಾಟಿ ಬರಬೇಕು. ಹಾಗಾಗಿ ನೀವು ಓದಿದ ಪುಸ್ತಕದ ಬಗ್ಗೆ ಹಂಚಿಕೊಳ್ಳುವಾಗ ‘ಇ-ಪುಸ್ತಕ ಇದೆ’, ‘ಆಡಿಯೋ ಇದೆ’ ಅಂತ ಒಂದೇ ಒಂದು ಪದ ಸೇರಿಸಿ. ನನ್ನಂಥವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತೆ.

ತುಂಗೆಯ ತಡಿ, 28 ಡಿಸೆಂಬರ್

ನಮ್ಮ ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಇವತ್ತಿಗೂ ಜೀವಂತ ಇದೆ. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ನಮ್ಮ ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ಗದುಗಿನ ಭಾರತದ ವಿರಾಟಪರ್ವ, ಕರ್ಣಪರ್ವಗಳಿಂದ ಪದ್ಯಗಳನ್ನೇ ಹೇಳ್ತಿದ್ದಳು. ಹತ್ತು ಪರ್ವವನ್ನೂ ಕೇಳಿದವಳನ್ನ ‘ಕುಮಾರವ್ಯಾಸನನ್ನ ಓದಿಲ್ಲ’ ಅನ್ನೋಕೆ ನನ್ನ ಬಾಯಿ ಬರಲ್ಲ.

ನೇರ ಮಾತು, 28 ಡಿಸೆಂಬರ್

ಕಿವಿಯ ದಾರಿ ಅವರ ಕ್ಷಮೆ ಕೇಳ್ತೇನೆ. ಹೊತ್ತು ಕಳೆಯೋಕೆ ಹಿನ್ನೆಲೆಯಲ್ಲಿ ಹಾಕಿಕೊಳ್ಳೋರನ್ನ ಮನಸ್ಸಲ್ಲಿಟ್ಟು ಬರೆದೆ, ನಿಮ್ಮ ಓದು ನನ್ನ ಯೋಚನೆಗೇ ಬಂದಿರಲಿಲ್ಲ. ನನ್ನ ಪಟ್ಟಿಯಲ್ಲಿ ಇನ್ನು ಮುಂದೆ ಒಂದು ಅಂಕಣ ಸೇರಿಸ್ತೇನೆ: ಮುದ್ರಿತ, ಇ-ಪುಸ್ತಕ, ಕೇಳಿದ್ದು. ಹಿನ್ನೆಲೆ ಸದ್ದಿನ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಹಾಗೇ ಇದೆ.

ಅಂಗಡಿ ಮೂಲೆ (ದಾವಣಗೆರೆ), 28 ಡಿಸೆಂಬರ್

ನಾನು ಸಣ್ಣ ಪುಸ್ತಕದಂಗಡಿ ನಡೆಸ್ತೀನಿ. ಡಿಸೆಂಬರ್ ಕೊನೇ ವಾರದಿಂದ ಸಂಕ್ರಾಂತಿವರೆಗೆ ನಿಮ್ಮೆಲ್ಲರ ಪಟ್ಟಿಗಳು ನನ್ನ ಅಂಗಡಿಗೆ ಬರ್ತವೆ. ಗಿರಾಕಿ ಫೋನ್ ಮುಂದೆ ಹಿಡಿದು ‘ಇದು ಇದೆಯಾ ಸಾರ್’ ಅಂತಾರೆ. ನೋಡಿದರೆ ಹತ್ತು ಮುಖಪುಟ ಸಾಲಾಗಿ ಜೋಡಿಸಿದ ಚಿತ್ರ, ಒಂದೊಂದೂ ಅಂಚೆಚೀಟಿಯಷ್ಟು. ಹೆಸರು ಓದೋಕಾಗಲ್ಲ. ಲೇಖಕರು ಯಾರು ಅಂದರೆ ಗೊತ್ತಿಲ್ಲ, ಪ್ರಕಾಶನ ಯಾವುದು ಅಂದರೆ ಗೊತ್ತಿಲ್ಲ. ಪಟ್ಟಿ ಹಾಕಿದವರು ಎಷ್ಟು ಪ್ರೀತಿಯಿಂದ ಹಾಕಿದ್ದಾರೆ, ಅದು ಇಲ್ಲಿಗೆ ಬಂದು ನಿಂತುಬಿಡುತ್ತೆ.

ಕೈ ಮುಗಿದು ಕೇಳ್ತೀನಿ, ಹಂಚಿಕೊಳ್ಳುವಾಗ ಪುಸ್ತಕ, ಲೇಖಕರು, ಪ್ರಕಾಶನ, ಇಷ್ಟನ್ನ ಅಕ್ಷರದಲ್ಲಿ ಬರೀರಿ. ಪುಸ್ತಕ ತೆಗೆದ ಕೂಡಲೇ ಬರೋ ಸಣ್ಣಕ್ಷರದ ಪುಟ ನೋಡಿ. ಮುದ್ರಣದ ವರ್ಷ, ಪುಟ, ಬೆಲೆ, ‘ಡೆಮಿ 1/8’ ಅಂತ ಪುಸ್ತಕದ ಅಳತೆ, ಎಲ್ಲಾ ಅಲ್ಲೇ ಇರುತ್ತೆ. ಅಲ್ಲೇ ‘ಪ್ರತಿಗಳು: 1000’ ಅಂತಲೂ ಎಷ್ಟೋ ಪುಸ್ತಕಗಳಲ್ಲಿ ನೋಡಿರ್ತೀರಿ. ಒಮ್ಮೆ ಆ ಅಂಕಿ ಮೇಲೆ ಬೆರಳಿಟ್ಟು ಯೋಚಿಸಿ. ಇಡೀ ಕನ್ನಡ ನಾಡಿಗೆ ಸಾವಿರ ಪ್ರತಿ. ಜಾಹೀರಾತು ಇಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಬಂದರೆ ಪುಣ್ಯ. ನಿಮ್ಮ ಪಟ್ಟಿಯ ಒಂದು ಸಾಲು ನೋಡಿ ನಾಲ್ಕು ಜನ ಕೇಳಿಕೊಂಡು ಬಂದರೆ ನಾನು ಆ ಪುಸ್ತಕ ಐದು ಪ್ರತಿ ತರಿಸ್ತೀನಿ. ಐದು ತರಿಸಿದರೆ ಕಪಾಟಿನಲ್ಲಿ ಮುಖ ಕಾಣೋ ಹಾಗೆ ನಿಲ್ಲಿಸ್ತೀನಿ, ಆರನೆಯವರ ಕಣ್ಣಿಗೆ ಬೀಳುತ್ತೆ. ನನ್ನ ಅಂಗಡಿಯಲ್ಲಿ ಪುಸ್ತಕ ಹೋಗೋ ರೀತಿ ಇದು.

ನಕ್ಷತ್ರ ಕೊಡಬೇಡಿ ಅನ್ನಲ್ಲ. ಆದರೆ ನಾಲ್ಕು ನಕ್ಷತ್ರ ಅಂದರೆ ನನಗೂ ಗೊತ್ತಾಗಲ್ಲ, ಗಿರಾಕಿಗೂ ಗೊತ್ತಾಗಲ್ಲ. ‘ಮಗಳ ಮದುವೆ ಓಡಾಟದಲ್ಲೂ ಬಿಡದೆ ಓದಿದೆ’ ಅಂತ ಒಬ್ಬರು ಬರೆದಿದ್ದರು, ಆ ಪುಸ್ತಕ ಒಂದೇ ತಿಂಗಳಲ್ಲಿ ಹನ್ನೊಂದು ಪ್ರತಿ ಹೋಯಿತು.

ಹಾಳೆ ಲೆಕ್ಕ, 29 ಡಿಸೆಂಬರ್

ಅಂಗಡಿ ಮೂಲೆಯವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಅಕ್ಷರದಲ್ಲಿ ಬರೆಯೋದರ ಬಗ್ಗೆ ಕೆಲವು ತಾಂತ್ರಿಕ ವಿಷಯ ಸೇರಿಸ್ತೀನಿ, ವರ್ಷಗಟ್ಟಲೆ ಒದ್ದಾಡಿ ಕಲಿತಿದ್ದು.

ಗುಡ್‌ರೀಡ್ಸ್ ಅನ್ನೋ ಪುಸ್ತಕ ಪಟ್ಟಿ ಇಡೋ ತಾಣ 2007ರಿಂದ ಇದೆ, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಸ್ಟೋರಿಗ್ರಾಫ್ ಆಮೇಲೆ ಬಂದಿದ್ದು. ಎರಡರಲ್ಲೂ ನಿಮ್ಮ ಪಟ್ಟಿಯನ್ನ ಫೈಲಾಗಿ ಇಳಿಸಿಕೊಳ್ಳೋ ದಾರಿ ಇದೆ. ಯಾವುದನ್ನ ಬಳಸಿದರೂ ವರ್ಷಕ್ಕೆರಡು ಸಲ ಇಳಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ತುಂಗೆಯ ತಡಿ ಅಕ್ಕನಿಗೆ ಆದ ಹಾಗೆ ಯಾರಿಗೂ ಆಗೋದು ಬೇಡ.

ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಪುಸ್ತಕ ತಾನೇ ಸೇರುತ್ತೆ ಅಂತಾರೆ. ಹೊಸ ಪುಸ್ತಕಕ್ಕೆ ಸರಿ. ಆದರೆ ನಮ್ಮ ಹಳೇ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರೋದೇ ಇಲ್ಲ. ಕೈಯಲ್ಲೇ ಬರೀಬೇಕು. ಕೈಯಲ್ಲಿ ಬರೆಯುವಾಗ ಒಂದೇ ಪುಸ್ತಕ ನಾಲ್ಕು ರೀತಿ ಆಗುತ್ತೆ. ‘ಎಸ್.ಎಲ್. ಭೈರಪ್ಪ’, ‘ಎಸ್ ಎಲ್ ಭೈರಪ್ಪ’, ‘ಭೈರಪ್ಪ ಎಸ್.ಎಲ್.’, ಇವು ಮೂರೂ ಕಂಪ್ಯೂಟರಿಗೆ ಮೂರು ಜನ. ಒಂದು ರೀತಿ ಆರಿಸಿಕೊಳ್ಳಿ, ಅದನ್ನೇ ಕೊನೆವರೆಗೂ ಬರೀರಿ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ‘ಕಾರಂತ’ ಮತ್ತು ‘ಕಾರ೦ತ’, ಎರಡನ್ನೂ ನೋಡಿ. ವ್ಯತ್ಯಾಸ ಗೊತ್ತಾಯಿತೇ? ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಇದೆ. ಕೆಲವರಿಗೆ ಹಾಗೆ ಟೈಪ್ ಮಾಡೋ ರೂಢಿ ಬಂದುಬಿಟ್ಟಿದೆ. ಓದೋರಿಗೆ ತೊಂದರೆ ಇಲ್ಲ, ಹುಡುಕಿದರೆ ಮಾತ್ರ ಸಿಗಲ್ಲ. ನನ್ನ ಪಟ್ಟಿಯಲ್ಲಿ ಕಾರಂತರ ಆರು ಪುಸ್ತಕ ಎರಡು ವರ್ಷ ಕಾಣೆಯಾಗಿದ್ದವು, ಕಾರಣ ಇದು. ಹಾಗೇ ‘ರ್ಯ’, ‘ರ‍್ಯ’ ನಡುವೆ ಕಾಣದ ಒಂದು ಜೋಡಕ ಅಕ್ಷರ ಕೂತಿರುತ್ತೆ, ಹುಡುಕುವಾಗ ಅದೂ ಕಾಡುತ್ತೆ.

ಕಿವಿಯ ದಾರಿ, 29 ಡಿಸೆಂಬರ್

ನನಗೆ ಆ ಸೊನ್ನೆ ಕೇಳಿಸುತ್ತೆ. ಯಂತ್ರ ಹೆಸರನ್ನ ಅಲ್ಲೇ ಮುರಿದು ‘ಕಾರ ಸೊನ್ನೆ ತ’ ಅನ್ನುತ್ತೆ. ದಯವಿಟ್ಟು ಎಲ್ಲರೂ ತಿದ್ದಿಕೊಳ್ಳಿ.

ಅರಿವಿನ ಗೂಡು (ಕೊಪ್ಪಳ ಜಿಲ್ಲೆ), 30 ಡಿಸೆಂಬರ್

ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕ ನಾನು. ಈಗ ನಮ್ಮ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರು. ‘ಓದುವ ಬೆಳಕು’ ಅಭಿಯಾನ ಶುರುವಾದಾಗಿನಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ನೀವೆಲ್ಲ ಓದುಗರ ಪಟ್ಟಿ ಬಗ್ಗೆ ಬರೆದಿದ್ದೀರಿ, ನಾನು ಪುಸ್ತಕ ಇಟ್ಟುಕೊಳ್ಳೋ ಪಟ್ಟಿ ಬಗ್ಗೆ ಹೇಳ್ತೀನಿ.

ಹಳೇ ಗ್ರಂಥಾಲಯದ ಪುಸ್ತಕದ ಹಿಂದೆ ಒಂದು ಚೀಟಿ ಅಂಟಿಸಿರುತ್ತೆ. ವಾಪಸ್ ಕೊಡಬೇಕಾದ ತಾರೀಖಿನ ಸೀಲು ಒಂದರ ಕೆಳಗೊಂದು. ನಮ್ಮಲ್ಲಿ ‘ಚೋಮನ ದುಡಿ’ಯ ಒಂದು ಪ್ರತಿ ಇದೆ. ನೇರಳೆ ಮಸಿಯ ಸೀಲುಗಳು, ಕೆಲವು ಓರೆ, ಕೆಲವು ಅರ್ಧ. 1996ರಲ್ಲಿ ವರ್ಷಕ್ಕೆ ಒಂಬತ್ತು ಸಲ ಹೋಗಿದೆ. ಆಮೇಲೆ ಕಡಿಮೆ ಆಗ್ತಾ ಬಂದು 2004ರಲ್ಲಿ ಒಂದು ಸೀಲು. ಅಲ್ಲಿಂದ ಖಾಲಿ. ಇದೇ ಜುಲೈಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಒಯ್ದಳು. ಈಗ ರಿಜಿಸ್ಟರಿನಲ್ಲಿ ಬರೆದರೆ ಸಾಕು, ಆದರೂ ಹುಡುಕಿ ಆ ಹಳೇ ಸೀಲು ತಂದು 2004ರ ಕೆಳಗೆ ಒತ್ತಿದೆ. ಅವಳು ತಂದುಕೊಟ್ಟ ದಿನವೇ ಅವಳ ಗೆಳತಿ ಒಯ್ದಳು. ಈಗ ಅಲ್ಲಿ ನಾಲ್ಕು ಹೊಸ ಸೀಲು ಇದೆ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಅನ್ನೋದು ಅದರಲ್ಲಿ ಎರಡು. ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನೋದು ನನಗೆ ಅರ್ಥ ಆಗಿದ್ದು ಈ ಜುಲೈಯಲ್ಲಿ.

ಹಂಚಿಕೊಳ್ಳೋದರ ಬಗ್ಗೆ ಒಂದು ಎಚ್ಚರಿಕೆ. ಹೋದ ವರ್ಷ ಗೋಡೆ ಮೇಲೆ ದೊಡ್ಡ ಚಾರ್ಟ್ ಹಾಕಿ ಮಕ್ಕಳ ಹೆಸರು, ಎಷ್ಟು ಪುಸ್ತಕ ಅಂತ ಬರೆದೆ. ಒಳ್ಳೇದಾಗುತ್ತೆ ಅಂತಲೇ ಮಾಡಿದ್ದು. ನಾಲ್ಕು ಮಕ್ಕಳು ಪೈಪೋಟಿಗೆ ದಿನಕ್ಕೊಂದು ಒಯ್ದರು. ಉಳಿದವರು ಬರೋದನ್ನೇ ನಿಲ್ಲಿಸಿದರು. ತನ್ನ ಹೆಸರಿನ ಮುಂದೆ 2 ಅಂತ ಇರೋದನ್ನ ಎಲ್ಲರೂ ನೋಡ್ತಾರೆ ಅಂತ ಒಬ್ಬ ಹುಡುಗ ಅತ್ತ. ಆ ಚಾರ್ಟ್ ಅವತ್ತೇ ತೆಗೆದೆ. ಈಗ ಹೆಸರಿಲ್ಲದ ಒಂದು ಹಲಗೆ ಇದೆ, ಓದಿದವರು ತಮಗೆ ಹಿಡಿಸಿದ ಒಂದು ಮಾತನ್ನ ಚೀಟಿಯಲ್ಲಿ ಬರೆದು ಅಂಟಿಸ್ತಾರೆ. ಎಷ್ಟು ಓದಿದೆ ಅಂತ ಯಾರೂ ಕೇಳಲ್ಲ.

ಕಡಲ ಮಗ್ಗುಲು, 30 ಡಿಸೆಂಬರ್

ಸರ್, ಇದನ್ನ ಓದಿದ ಮೇಲೆ ನನ್ನ ಹನ್ನೆರಡರ ಲೆಕ್ಕವನ್ನ ಗೆಳೆಯನಿಗೆ ಮಾತ್ರ ಹೇಳ್ತೇನೆ, ಊರಿಗೆಲ್ಲ ಹೇಳುವುದಿಲ್ಲ. ಪುಸ್ತಕದ ಹೆಸರು ಎಲ್ಲರಿಗೂ ಹೇಳ್ತೇನೆ.

ದೂರದ ಜಗಲಿ (ನ್ಯೂಜೆರ್ಸಿ), 31 ಡಿಸೆಂಬರ್

ಇಲ್ಲಿಗೆ ಬಂದು ಹದಿನೆಂಟು ವರ್ಷ. ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಆಫೀಸಿನಲ್ಲಿ ಮೂವರು ಬಂದು ‘ಇದು ನಿನ್ನ ಭಾಷೆ ಅಲ್ವಾ’ ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕತೆಯನ್ನ ನಾನೂ ನನ್ನ ಮಗಳೂ ಒಟ್ಟಿಗೆ ಓದಿದೆವು. ಅವಳಿಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಅವಳು ಇಂಗ್ಲಿಷಿನಲ್ಲಿ ಒಂದು ಕತೆ ಓದೋದು, ನಾನು ಅದರ ಮೂಲವನ್ನ ಕನ್ನಡದಲ್ಲಿ ಗಟ್ಟಿಯಾಗಿ ಓದೋದು. ‘ಎದೆಯ ಹಣತೆ’ ಓದಿದ ರಾತ್ರಿ ಅವಳು ‘ಹಣತೆ’ ಅನ್ನೋ ಪದವನ್ನ ತನ್ನ ಪಟ್ಟಿಯಲ್ಲಿ ಕನ್ನಡದಲ್ಲೇ ಬರೆಯಬೇಕು ಅಂದಳು. ನಾನು ಬರೆದು ತೋರಿಸಿದೆ, ಅವಳು ನೋಡಿ ಬರೆದಳು. ‘ಣ’ ತಿರುಗುಮುರುಗಾಗಿತ್ತು, ಎರಡನೇ ಸಲಕ್ಕೆ ಸರಿಯಾಯಿತು.

ಇದನ್ನ ಒಂದು ಪುಸ್ತಕ ಅಂತ ಬರೆಯಲೋ ಎರಡು ಅಂತಲೋ ಗೊತ್ತಾಗದೆ ಎರಡು ಸಾಲು ಬರೆದೆ.

ನೇರ ಮಾತು, 31 ಡಿಸೆಂಬರ್

ಎರಡೇ. ಅನುಮಾನ ಬೇಡ. ಅನುವಾದಕರ ಹೆಸರನ್ನೂ ಬರೀರಿ, ನಮ್ಮ ಪಟ್ಟಿಗಳಲ್ಲಿ ಅವರ ಹೆಸರು ಸದಾ ಬಿಟ್ಟುಹೋಗುತ್ತೆ.

ಮರುಓದನ್ನೂ ನಾನು ಎಣಿಸ್ತೇನೆ. ಸೆಪ್ಟೆಂಬರ್ 24ಕ್ಕೆ ಭೈರಪ್ಪನವರು ತೀರಿಕೊಂಡರಲ್ಲ, ಆ ವಾರ ‘ಗೃಹಭಂಗ’ ಮತ್ತೆ ತೆಗೆದೆ. ಮೊದಲು ಓದಿದಾಗ ನನಗೆ ಇಪ್ಪತ್ತು, ಈಗ ಐವತ್ತೆಂಟು. ಆಗ ಮಗನ ಜಾಗದಲ್ಲಿ ನಿಂತು ಓದಿದ್ದೆ, ಈ ಸಲ ಓದಿದ್ದೇ ಬೇರೆ. ಅಂದಿನ ಓದಿನ ಬಗ್ಗೆ ಒಂದು ಸಾಲಾದರೂ ಬರೆದಿಟ್ಟಿದ್ದರೆ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು.

ಮಾಳಮಡ್ಡಿ, 1 ಜನವರಿ 2026

ಎಲ್ಲಾರಿಗೂ ಹೊಸಾ ವರ್ಷದ ಶುಭಾಶಯ.

ತುಂಗೆಯ ತಡಿ ಅವರ, ನಾಕ್ ದಿನದಿಂದ ಕಪಾಟ ಹುಡಕಾಕತ್ತಿದ್ದೆ. ‘ತುಂಗಭದ್ರಾ’ ನಮ್ಮಲ್ಲೆ ಅದ. ನನ್ನ ಮನಿಯಾಕಿ ಓದಿದ್ದು, ಹಳೇ ಮುದ್ರಣ, ಹಾಳಿ ಹಳದಿ ಆಗ್ಯಾವ, ಆದ್ರ ಕಡೀತನಾ ಪೂರಾ ಅದ. ಒಂದೊಂದು ಹಾಳಿ ತಿರುವಿ ನೋಡೀನಿ. ಫೋಟೋ ಹೊಡದು ಕಳಸೂದು ಬ್ಯಾಡ, ನಿಮ್ಮ ತಾಯಿಯವರು ಕೈಯಾಗ ಹಿಡದು ಓದ್ಲಿ. ರಿಜಿಸ್ಟರ್ಡ್ ಪೋಸ್ಟು ಈಗ ಸ್ಪೀಡ್ ಪೋಸ್ಟಿನ್ಯಾಗ ಸೇರೇದ, ಅದರಾಗನ ಹಾಕ್ತೀನಿ. ವಿಳಾಸ ಇಲ್ಲೆ ಎಲ್ಲಾರ ಮುಂದ ಬರೀಬ್ಯಾಡ್ರಿ, ನನಗಷ್ಟ ಕಳಸ್ರಿ.

ತುಂಗೆಯ ತಡಿ, 1 ಜನವರಿ

ಏನು ಹೇಳಬೇಕೋ ತಿಳೀತಿಲ್ಲ ಅಜ್ಜಾವರೇ. ವಿಳಾಸ ಕಳಿಸಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅಂಗಡಿ ಮೂಲೆ, 2 ಜನವರಿ

ನೋಡಿ, 1979ರಲ್ಲಿ ಅವರು ಬರೀ ಪುಸ್ತಕದ ಹೆಸರು ಬರೆದು ಬಿಟ್ಟಿದ್ದರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ. ‘ಕೊನೇ ಹಾಳೆಗಳಿಲ್ಲ’ ಅಂತ ಆ ಖಾಲಿ ಅಂಕಣದಲ್ಲಿ ಬರೆದಿದ್ದಕ್ಕೆ ಇವತ್ತು ಧಾರವಾಡದಲ್ಲಿ ಕಪಾಟು ತೆರೀತು.

ತುಂಗೆಯ ತಡಿ, 9 ಜನವರಿ

ನಿನ್ನೆ ಪುಸ್ತಕ ಬಂತು. ಕಂದು ಕಾಗದ, ಅದರ ಮೇಲೆ ದಾರ, ಗಂಟಿನ ಮೇಲೆ ಅರಗು. ಅಮ್ಮ ಮೊದಲು ಅರಗನ್ನ ಮುಟ್ಟಿ ನೋಡಿದಳು. ಬಿಚ್ಚಿದ ಮೇಲೆ ಮುಖಪುಟ ನೋಡಿ ಸುಮಾರು ಹೊತ್ತು ಮಾತಾಡಲಿಲ್ಲ. ಕೊನೇ ಹದಿನಾರು ಪುಟ ಓದಿಬಿಡು ಅಂದೆ. ‘ನಲವತ್ತಾರು ವರ್ಷ ಆಯ್ತು, ಮೊದಲಿನದೆಲ್ಲ ಮರೆತು ಬರೀ ಕೊನೇದು ಓದಿದರೆ ಏನು ಸಿಗುತ್ತೆ’ ಅಂತ ಮೊದಲ ಪುಟದಿಂದ ಶುರು ಮಾಡಿದ್ದಾಳೆ. ಕಣ್ಣು ಸೋಲುತ್ತೆ, ಹಾಗಾಗಿ ಬೆಳಿಗ್ಗೆ ಬಿಸಿಲಲ್ಲಿ ಅವಳು ಓದೋದು, ಸಂಜೆ ನಾನು ಓದಿ ಹೇಳೋದು. ದಿನಕ್ಕೆ ಇಪ್ಪತ್ತು ಪುಟ ಆಗ್ತಿದೆ. ಕೊನೆ ಏನಿದೆ ಅಂತ ನಾನೂ ತೆರೆದು ನೋಡಿಲ್ಲ.

ಆ ಹಳೇ ನೋಟ್‌ಬುಕ್ಕಿನಲ್ಲಿ ಇನ್ನೂ ಹನ್ನೊಂದು ಹಾಳೆ ಖಾಲಿ ಇದೆ. 1991ರ ಕೊನೇ ಸಾಲಿನ ಕೆಳಗೆ ಅಮ್ಮ ಹೊಸ ಸಾಲು ಬರೆದಳು. ತಂದ ದಿನ 8-1-2026, ತುಂಗಭದ್ರಾ, ಎಂ.ಕೆ. ಇಂದಿರಾ. ಬಾಡಿಗೆ ಅಂಕಣದಲ್ಲಿ ಏನು ಬರೀಲಿ ಅಂತ ನನ್ನ ಮುಖ ನೋಡಿ, ಆಮೇಲೆ ಗೆರೆ ಎಳೆದಳು. ಕೊನೇ ಅಂಕಣದಲ್ಲಿ ‘ಧಾರವಾಡದವರದು, ವಾಪಸ್ ಕಳಿಸಬೇಕು’ ಅಂತ ಬರೆದಳು.

ನನ್ನ ಈ ವರ್ಷದ ಪಟ್ಟಿಯ ಮೊದಲ ಸಾಲೂ ಅದೇ ಪುಸ್ತಕ. ನಾನು ಇಟ್ಟುಕೊಂಡ ಅಂಕಣಗಳು: ಶುರು, ಮುಗಿದಿದ್ದು, ಪುಸ್ತಕ, ಲೇಖಕರು, ಅನುವಾದಕರು, ಪ್ರಕಾಶನ, ಮುದ್ರಿತವೋ ಇ-ಪುಸ್ತಕವೋ ಕೇಳಿದ್ದೋ, ಯಾರಿಂದ ಬಂತು, ಯಾರಿಗೆ ಹೋಯಿತು. ಕೊನೆಗೆ ತಲೆಬರಹ ಇಲ್ಲದ ಒಂದು ಅಂಕಣ. ಸಂಖ್ಯೆಗೆ ಅಂಕಣ ಇಲ್ಲ.

ಮಾಳಮಡ್ಡಿ, 9 ಜನವರಿ

ವಾಪಸ್ ಕಳಸೂದಕ್ಕ ಅವಸರ ಇಲ್ರಿ. ಓದಿ ಮುಗಿಸಿದ ದಿನ ಕಡೀ ಹಾಳ್ಯಾಗ, ನಮ್ಮನಿಯಾಕಿ ಹೆಸರಿನ ಕೆಳಗ, ನಿಮ್ಮ ತಾಯಿಯವರ ಕೈಲೇ ಅವರ ಹೆಸರು, ತಾರೀಖು ಬರಸ್ರಿ. ಪೆನ್ಸಿಲ್‌ಲೇ.